ಬೆಳೆಯುವ ಸಿರಿ ನಾಲ್ಕು ವರ್ಷಕ್ಕೇ ಕಾಣುತ್ತದೆಯೇ? ನ್ಯೂಯಾರ್ಕಿನ ‘ಗಿಫ್ಟೆಡ್’ ಜಗಳದ ಒಳಗೆ

2025ರ ಅಕ್ಟೋಬರ್ ಶುರುವಿನಲ್ಲಿ, ನ್ಯೂಯಾರ್ಕ್ ಮೇಯರ್ ಚುನಾವಣೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ, ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಜೊಹ್ರಾನ್ ಮಮ್ದಾನಿ ಒಂದು ಮಾತು ಹೇಳಿದರು. ಕಿಂಡರ್‌ಗಾರ್ಟನ್‌ಗೆ ಬರುವ ಐದು ವರ್ಷದ ಪುಟ್ಟ ಮಕ್ಕಳನ್ನು ‘ಗಿಫ್ಟೆಡ್ ಆಂಡ್ ಟ್ಯಾಲೆಂಟೆಡ್’ ತರಗತಿಗಳಿಗೆ, ಅಂದರೆ ಜಾಣರೆಂದು ಗುರುತಿಸಿದವರಿಗೆ ಬೇರೆಯಾಗಿ ನಡೆಸುವ ತರಗತಿಗಳಿಗೆ, ಆರಿಸುವುದನ್ನು ನಿಲ್ಲಿಸುತ್ತೇನೆ ಎಂದರು. ಎದುರಾಳಿ ಆಂಡ್ರ್ಯೂ ಕ್ಯುಮೊ, ತಾನು ಗೆದ್ದರೆ ಆ ತರಗತಿಗಳನ್ನು ಇನ್ನೂ ಜಾಸ್ತಿ ಮಾಡುತ್ತೇನೆ ಎಂದರು. ನವೆಂಬರ್‌ನಲ್ಲಿ ಮಮ್ದಾನಿ ಗೆದ್ದರು. 2026ರ ಜನವರಿ 1ರಂದು ಮೇಯರ್ ಆದರು.

ಅಷ್ಟರಲ್ಲಿ ಆ ಮಾತು ಒಬ್ಬರಿಂದೊಬ್ಬರಿಗೆ ದಾಟುತ್ತಾ ಬೇರೆಯದೇ ಆಕಾರ ತಾಳಿತ್ತು. ಜಾಣ ಮಕ್ಕಳ ಶಾಲೆಗಳನ್ನೆಲ್ಲ ಮುಚ್ಚುತ್ತಾರಂತೆ. ಸ್ಟೈವೆಸಂಟ್ ಹೈಸ್ಕೂಲಿನ ಪ್ರವೇಶ ಪರೀಕ್ಷೆಯೂ ಹೋಗುತ್ತದಂತೆ. ಈಗ ಓದುತ್ತಿರುವವರನ್ನೂ ಹೊರಗೆ ಹಾಕುತ್ತಾರಂತೆ. ಅಮೆರಿಕದಲ್ಲಿರುವ ನಮ್ಮವರಿಗೂ, ಅವರ ಜೊತೆ ಫೋನಿನಲ್ಲಿ ಮಾತಾಡುವ ಇಲ್ಲಿನ ಅಜ್ಜ ಅಜ್ಜಿಯರಿಗೂ ಇದರಲ್ಲಿ ಯಾವುದು ನಿಜ ಎಂಬ ಗೊಂದಲ ಸಹಜ. ಒಂದೊಂದಾಗಿ ಬಿಡಿಸಿ ನೋಡೋಣ.

ಏನು ಹೋಗುತ್ತದೆ, ಏನು ಉಳಿಯುತ್ತದೆ

ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಲ್ಲಿ ಸುಮಾರು 9 ಲಕ್ಷ ಮಕ್ಕಳು ಓದುತ್ತಾರೆ. ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಶಾಲಾ ವ್ಯವಸ್ಥೆ ಇಲ್ಲ. ಇಲ್ಲಿ ಕಿಂಡರ್‌ಗಾರ್ಟನ್ ಹಂತದಲ್ಲಿ ಇರುವ ಗಿಫ್ಟೆಡ್ ಸೀಟುಗಳು ವರ್ಷಕ್ಕೆ ಸುಮಾರು 2,500. ಆ ವರ್ಷ ಸೇರುವ ಮಕ್ಕಳಲ್ಲಿ ನೂರಕ್ಕೆ ನಾಲ್ಕೈದು ಜನರಿಗೆ ಸಿಗುವ ಸೀಟು ಅಷ್ಟೇ. ಮಮ್ದಾನಿ ಮುಚ್ಚುತ್ತೇನೆ ಎಂದದ್ದು ಈ ಬಾಗಿಲನ್ನು.

ಮೂರನೇ ಕ್ಲಾಸಿಗೆ ಇನ್ನೊಂದು ಬಾಗಿಲಿದೆ. ಅದು ಇರುತ್ತದೆ ಎಂದರು. ಈಗಾಗಲೇ ಒಳಗಿರುವ ಮಕ್ಕಳನ್ನು ಹೊರಗೆ ಹಾಕುವ ಮಾತೂ ಇಲ್ಲ.

ಸ್ಟೈವೆಸಂಟ್, ಬ್ರಾಂಕ್ಸ್ ಸೈನ್ಸ್, ಬ್ರೂಕ್ಲಿನ್ ಟೆಕ್ ಹೈಸ್ಕೂಲುಗಳ ಕಥೆ ಬೇರೆಯೇ. ಅವಕ್ಕೆ ಪರೀಕ್ಷೆ ಬರೆದೇ ಸೇರಬೇಕು ಎಂದು 1971ರಲ್ಲಿ ರಾಜ್ಯ ಸರ್ಕಾರ ಕಾನೂನು ಮಾಡಿದೆ. ಮೇಯರ್ ಒಬ್ಬರೇ ಅದನ್ನು ಬದಲಿಸಲು ಬರುವುದಿಲ್ಲ. (ಮಮ್ದಾನಿ ಓದಿದ್ದು ಬ್ರಾಂಕ್ಸ್ ಸೈನ್ಸ್‌ನಲ್ಲೇ. ವಿರೋಧಿಗಳು ಇದನ್ನು ಎತ್ತಿ ಆಡದೆ ಬಿಟ್ಟಿಲ್ಲ.)

ಹಾಗಾದರೆ ನೂರಕ್ಕೆ ನಾಲ್ಕೈದು ಮಕ್ಕಳ ವಿಷಯಕ್ಕೆ ಇಷ್ಟೊಂದು ಗಲಾಟೆ ಯಾಕೆ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದು ಕೋಣೆ, ಒಬ್ಬ ಅಪರಿಚಿತ ವ್ಯಕ್ತಿ, ಒಂದು ಮಗು

2008ಕ್ಕೆ ಮೊದಲು ನಗರದ 32 ಶಾಲಾ ಜಿಲ್ಲೆಗಳು (ಶಾಲೆಗಳ ಆಡಳಿತಕ್ಕೆ ನಗರವನ್ನು ಹಂಚಿದ ವಿಭಾಗಗಳು) ಗಿಫ್ಟೆಡ್ ಮಕ್ಕಳನ್ನು ತಮಗೆ ತೋಚಿದಂತೆ ಆರಿಸುತ್ತಿದ್ದವು. ಕೆಲವು ಕಡೆ ಸಂದರ್ಶನ, ಕೆಲವು ಕಡೆ ಶಿಫಾರಸು. ಗೊತ್ತಿದ್ದವರಿಗೆ ಸೀಟು ಎಂಬ ದೂರು ಇತ್ತು. ಅಂದಿನ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಆಡಳಿತ ಇದಕ್ಕೆ ಮದ್ದು ಹುಡುಕಿತು. ಇಡೀ ನಗರಕ್ಕೆ ಒಂದೇ ಪರೀಕ್ಷೆ, ಒಂದೇ ಅಂಕ. ಯಾರ ಶಿಫಾರಸೂ ನಡೆಯುವುದಿಲ್ಲ. ಕೇಳಲು ನ್ಯಾಯವಾಗಿಯೇ ಇತ್ತು.

ಪರೀಕ್ಷೆ ಬರೆಯಬೇಕಾದವರಿಗೆ ನಾಲ್ಕು ವರ್ಷ. ಅಕ್ಷರ ಬಾರದು, ಪೆನ್ಸಿಲ್ ಹಿಡಿಯಲು ಬಾರದು. ಅಪ್ಪ ಅಮ್ಮ ಹೊರಗೆ ಕೂರಬೇಕು. ಮಗು ಗುರುತಿಲ್ಲದ ಒಬ್ಬರ ಜೊತೆ ಕೋಣೆಯೊಳಗೆ ಹೋಗಬೇಕು. ಎದುರಿಗೆ ಚಿತ್ರಗಳ ಪುಸ್ತಕ. ಪರೀಕ್ಷಕರು ಒಂದು ವಾಕ್ಯ ಓದುತ್ತಾರೆ. ಹೀಗಿರಬಹುದು ಎಂದುಕೊಳ್ಳಿ: “ಹುಡುಗಿಯ ಹತ್ತಿರ ಎರಡು ಸೇಬು, ಒಂದು ಬಾಳೆಹಣ್ಣು ಇತ್ತು. ಒಂದು ಸೇಬು ತಮ್ಮನಿಗೆ ಕೊಟ್ಟಳು. ಈಗ ಅವಳ ಹತ್ತಿರ ಏನಿದೆ ತೋರಿಸು.” ಮಗು ನಾಲ್ಕು ಚಿತ್ರಗಳಲ್ಲಿ ಒಂದರ ಮೇಲೆ ಬೆರಳಿಡಬೇಕು. ಪ್ರಶ್ನೆಯನ್ನು ಓದುವುದು ಒಂದೇ ಸಲ. ಕಿಟಕಿಯಾಚೆ ಆಂಬುಲೆನ್ಸ್ ಸದ್ದಿಗೆ ಮಗು ಆ ಕಡೆ ತಿರುಗಿತೋ, ಆ ಅಂಕ ಹೋಯಿತು.

ಇಂಥ ಮಾತಿನ ಪ್ರಶ್ನೆಗಳು 30. ಮಾತಿಲ್ಲದ ಚಿತ್ರದ ಪ್ರಶ್ನೆಗಳು 48. ಚಿತ್ರದ ಪ್ರಶ್ನೆಗಳಲ್ಲಿ ಒಂದು ವಿನ್ಯಾಸದ ತುಂಡು ಕಾಣೆಯಾಗಿರುತ್ತದೆ, ಸರಿಯಾದ ತುಂಡು ಯಾವುದೆಂದು ಮಗು ಹೇಳಬೇಕು. ಬಂಗಾಳಿ, ಉರ್ದು ಸೇರಿ ಕೆಲವು ಭಾಷೆಗಳಲ್ಲಿ ಪರೀಕ್ಷೆ ಕೊಡಿಸಬಹುದಿತ್ತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಮನೆಯಲ್ಲಿ ಕನ್ನಡ ಮಾತ್ರ ಕೇಳಿ ಬೆಳೆದ ಮಗು ಇಂಗ್ಲಿಷಿನಲ್ಲೇ ಉತ್ತರಿಸಬೇಕಿತ್ತು.

ಅಂಕಗಳನ್ನು ದೇಶದ ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸುತ್ತಿದ್ದರು. ನೂರರಲ್ಲಿ 90 ಮಕ್ಕಳಿಗಿಂತ ಮುಂದಿದ್ದರೆ ಜಿಲ್ಲೆಯ ಗಿಫ್ಟೆಡ್ ತರಗತಿಗೆ ಅರ್ಹತೆ. 97 ಅಥವಾ ಅದಕ್ಕಿಂತ ಮೇಲಿದ್ದರೆ ಇಡೀ ನಗರಕ್ಕೆ ಇರುವ ಐದು ವಿಶೇಷ ಶಾಲೆಗಳಿಗೆ ಅರ್ಹತೆ. ಆದರೆ ಆ ಐದು ಶಾಲೆಗಳಲ್ಲಿ ಸೀಟು ಎಷ್ಟು ಕಡಿಮೆ ಎಂದರೆ, ಕೊನೆಗೆ 99 ಬಂದವರಿಗೂ ಖಾತ್ರಿ ಇರಲಿಲ್ಲ. ಒಂದು ಪ್ರಶ್ನೆ ಹೆಚ್ಚುಕಮ್ಮಿಯಾದರೆ ಎಲ್ಲ ಮುಗಿಯಿತು. 2013ರಲ್ಲಂತೂ ಪರೀಕ್ಷೆ ನಡೆಸುವ ಕಂಪನಿಯೇ ಅಂಕ ಲೆಕ್ಕ ಹಾಕುವಾಗ ತಪ್ಪು ಮಾಡಿ, ಸಾವಿರಾರು ಮಕ್ಕಳ ಫಲಿತಾಂಶ ತಿದ್ದಬೇಕಾಯಿತು.

ಇಷ್ಟು ಬಿಗಿಯಾದ ಜಾಗದಲ್ಲಿ ಟ್ಯೂಷನ್ ಹುಟ್ಟದೆ ಇರುತ್ತದೆಯೇ? ಹುಟ್ಟಿತು. ಮೂರು ವರ್ಷದ ಮಗುವಿಗೆ ಕೋಚಿಂಗ್, ಅಭ್ಯಾಸ ಪುಸ್ತಕ, ರಜೆಯ ಶಿಬಿರ. ಚಿತ್ರದ ಪ್ರಶ್ನೆಗಳನ್ನು ನೂರು ಸಲ ನೋಡಿದ ಮಗುವಿಗೂ ಮೊದಲ ಸಲ ನೋಡುವ ಮಗುವಿಗೂ ಸಿಗುವ ಅಂಕ ಒಂದೇ ಆಗಲು ಸಾಧ್ಯವಿಲ್ಲ ಅಲ್ವಾ. ಶಿಫಾರಸು ತೆಗೆಯಲು ತಂದ ಪರೀಕ್ಷೆ, ಶಿಫಾರಸಿನ ಜಾಗದಲ್ಲಿ ತಯಾರಿಯನ್ನು ಕೂರಿಸಿತು.

ಪರೀಕ್ಷೆ ಯಾರನ್ನು ತಂದಿತು, ಯಾರನ್ನು ಬಿಟ್ಟಿತು

ನಗರದ ಶಾಲಾ ಮಕ್ಕಳಲ್ಲಿ ಕರಿಯ ಮತ್ತು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳು ಮೂರನೇ ಎರಡರಷ್ಟು. ಪರೀಕ್ಷೆಯ ಕಾಲದಲ್ಲಿ ಗಿಫ್ಟೆಡ್ ತರಗತಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಬಿಳಿಯ ಮತ್ತು ಏಷ್ಯನ್ ಮಕ್ಕಳು. ಬ್ರಾಂಕ್ಸ್‌ನ 7 ಮತ್ತು 12ನೇ ಜಿಲ್ಲೆ, ಬ್ರೂಕ್ಲಿನ್‌ನ 16 ಮತ್ತು 23ನೇ ಜಿಲ್ಲೆಗಳಲ್ಲಿ ವರ್ಷಗಟ್ಟಲೆ ಒಂದೂ ಗಿಫ್ಟೆಡ್ ತರಗತಿ ಇರಲಿಲ್ಲ. ಒಂದು ತರಗತಿ ತುಂಬುವಷ್ಟು ಮಕ್ಕಳು ಪಾಸಾಗುತ್ತಿರಲಿಲ್ಲ.

ಆ ಜಿಲ್ಲೆಗಳ ಮಕ್ಕಳು ದಡ್ಡರು ಎಂದು ಇದರ ಅರ್ಥವಲ್ಲ. ಪರೀಕ್ಷೆ ಕೊಡಿಸಲು ಪೋಷಕರೇ ಮುಂದಾಗಿ ಅರ್ಜಿ ಹಾಕಬೇಕಿತ್ತು. ಅಂಥದ್ದೊಂದು ಪರೀಕ್ಷೆ ಇದೆ ಎಂದು ಗೊತ್ತಿದ್ದವರು ಹಾಕಿದರು, ಗೊತ್ತಿಲ್ಲದವರು ಸುಮ್ನೆ ಉಳಿದರು. ಅರ್ಜಿ ಹಾಕಿದವರು ಕಡಿಮೆ ಆದ್ದರಿಂದ ಪಾಸಾದವರು ಕಡಿಮೆ. ಪಾಸಾದವರು ಕಡಿಮೆ ಆದ್ದರಿಂದ ತರಗತಿಯೇ ಇಲ್ಲ. ತರಗತಿ ಇಲ್ಲದ ಊರಲ್ಲಿ ಮುಂದಿನ ವರ್ಷ ಯಾರು ಅರ್ಜಿ ಹಾಕುತ್ತಾರೆ?

2016ರಲ್ಲಿ ನಗರ ಇದೇ ನಾಲ್ಕು ಜಿಲ್ಲೆಗಳಲ್ಲಿ ಬೇರೆ ದಾರಿ ಹಿಡಿಯಿತು. ಮೂರನೇ ಕ್ಲಾಸಿನಿಂದ ಶುರುವಾಗುವ ತರಗತಿ, ಪರೀಕ್ಷೆ ಬದಲು ಶಿಕ್ಷಕರ ಅಭಿಪ್ರಾಯ ಮತ್ತು ಶಾಲೆಯ ಅಂಕ. ತರಗತಿಗಳು ತೆರೆದವು. ಇಂದಿನ ಮೂರನೇ ಕ್ಲಾಸಿನ ಬಾಗಿಲಿಗೆ ಮೂಲ ಇದು.

ಒಂದು ವಿಷಯ ಮಾತ್ರ ಚರ್ಚೆಯಲ್ಲಿ ಆಗಾಗ ಮರೆತುಹೋಗುತ್ತದೆ. ಕರಿಯರ ಬಡಾವಣೆಗಳ ಎಷ್ಟೋ ಪೋಷಕರು ಮತ್ತು ನಾಯಕರು ಕೇಳಿದ್ದು ಗಿಫ್ಟೆಡ್ ತೆಗೆದುಹಾಕಿ ಎಂದಲ್ಲ, ನಮ್ಮಲ್ಲೂ ಕೊಡಿ ಎಂದು. ಮುಂದೆ ಮೇಯರ್ ಆದ ಎರಿಕ್ ಆಡಮ್ಸ್ ಈ ಸಾಲಿನವರು.

ನಾಲ್ಕು ಮೇಯರ್, ನಾಲ್ಕು ದಾರಿ

ನ್ಯೂಯಾರ್ಕ್ ಶಾಲೆಗಳು 2002ರಿಂದ ಮೇಯರ್ ಕೈಯಲ್ಲಿವೆ. ಹಾಗಾಗಿ ಮೇಯರ್ ಬದಲಾದಾಗ ಪಾಲಿಸಿಯೂ ಬದಲಾಗುತ್ತದೆ. ಬ್ಲೂಮ್‌ಬರ್ಗ್ ಪರೀಕ್ಷೆ ತಂದರು. ಬಿಲ್ ಡಿ ಬ್ಲಾಸಿಯೊ ಕಾಲದಲ್ಲಿ, 2019ರಲ್ಲಿ, ಸಲಹಾ ಸಮಿತಿಯೊಂದು ಈ ತರಗತಿಗಳಲ್ಲಿ ಹೆಚ್ಚಿನವನ್ನು ಕೈಬಿಡಲು ಹೇಳಿತು. 2021ರ ಜನವರಿಯಲ್ಲಿ ನಗರದ ಶಿಕ್ಷಣ ಮಂಡಳಿ ಪರೀಕ್ಷೆಯ ಗುತ್ತಿಗೆಯನ್ನೇ 8–7 ಮತಗಳಿಂದ ತಿರಸ್ಕರಿಸಿತು. ನಾಲ್ಕು ವರ್ಷದವರ ಪರೀಕ್ಷೆ ಸತ್ತದ್ದು ಹೀಗೆ, ಒಂದೇ ಒಂದು ಮತದ ಅಂತರದಲ್ಲಿ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಡಿ ಬ್ಲಾಸಿಯೊ ಇಡೀ ವ್ಯವಸ್ಥೆಯನ್ನೇ ಹಂತಹಂತವಾಗಿ ನಿಲ್ಲಿಸುವುದಾಗಿ ಘೋಷಿಸಿದರು. ಆಗ ಅವರ ಅವಧಿ ಉಳಿದಿದ್ದು ಮೂರು ತಿಂಗಳೂ ಇಲ್ಲ. ಜನವರಿಯಲ್ಲಿ ಬಂದ ಆಡಮ್ಸ್ ಅದನ್ನು ಪಕ್ಕಕ್ಕಿಟ್ಟರು. 2022ರ ಏಪ್ರಿಲ್‌ನಲ್ಲಿ ಕಿಂಡರ್‌ಗಾರ್ಟನ್‌ಗೆ 100, ಮೂರನೇ ಕ್ಲಾಸಿಗೆ 1,000 ಹೊಸ ಸೀಟು ಸೇರಿಸಿದರು. ಆದರೆ ಪರೀಕ್ಷೆಯನ್ನು ಮತ್ತೆ ತರಲಿಲ್ಲ. ಈಗ ಮಮ್ದಾನಿ ಸರದಿ. ಅವರ ಯೋಜನೆ ಹೊಸದೇನಲ್ಲ, ಡಿ ಬ್ಲಾಸಿಯೊ ಬಿಟ್ಟುಹೋದ ದಾರವನ್ನು ಮತ್ತೆ ಹಿಡಿದದ್ದು.

ಟೀಚರ್ ಹೇಳಬೇಕು, ಆಮೇಲೆ ಚೀಟಿ ಏಳಬೇಕು

ಪರೀಕ್ಷೆ ಹೋದ ಮೇಲೆ ಬಂದ ಪದ್ಧತಿ ಎರಡು ಮೆಟ್ಟಿಲಿನದು. ಮೊದಲು ಪ್ರಿ-ಕೆ (ಕಿಂಡರ್‌ಗಾರ್ಟನ್‌ಗೆ ಹಿಂದಿನ ವರ್ಷದ ತರಗತಿ) ಟೀಚರ್ ಈ ಮಗು ಅರ್ಹ ಎಂದು ಹೆಸರು ಕೊಡಬೇಕು. ಮಗು ನಗರದ ಪ್ರಿ-ಕೆಯಲ್ಲಿ ಇಲ್ಲದಿದ್ದರೆ ಶಿಕ್ಷಣ ಇಲಾಖೆಯವರು ಮಾತಾಡಿಸಿ ನೋಡುತ್ತಾರೆ. ಅರ್ಹರೆನಿಸಿಕೊಂಡವರು ಸೀಟುಗಳಿಗಿಂತ ಹಲವು ಪಟ್ಟು ಇರುವುದರಿಂದ, ಎರಡನೇ ಮೆಟ್ಟಿಲಲ್ಲಿ ಲಾಟರಿ. ಅಣ್ಣ ಅಕ್ಕ ಅಲ್ಲೇ ಓದುತ್ತಿದ್ದರೆ ಮೊದಲ ಆದ್ಯತೆ.

ಈ ಲಾಟರಿ ನಮ್ಮೂರ ಡಬ್ಬಿಯಲ್ಲಿ ಕೈ ಹಾಕುವಂಥದ್ದಲ್ಲ. ಪ್ರತಿ ಅರ್ಜಿಗೂ ಕಂಪ್ಯೂಟರ್ 32 ಅಂಕಿ–ಅಕ್ಷರಗಳ ಒಂದು ಸಾಲು ಕೊಡುತ್ತದೆ. ಅದರಲ್ಲಿ 0ರಿಂದ 9ರವರೆಗಿನ ಅಂಕಿಗಳೂ ಎ ಇಂದ ಎಫ್‌ವರೆಗಿನ ಅಕ್ಷರಗಳೂ ಇರುತ್ತವೆ. ಮೊದಲ ನೋಟಕ್ಕೆ ವೈ-ಫೈ ಪಾಸ್‌ವರ್ಡ್ ಇದ್ದಂತೆ. ಪೋಷಕರು ಅದನ್ನು ಓದುವುದನ್ನು ಕಲಿತುಬಿಟ್ಟಿದ್ದಾರೆ. ಮೊದಲ ಎರಡು ಮನೆ ನೋಡಿದರೆ ಸಾಕು. ಎಣಿಕೆಯಲ್ಲಿ 9 ಆದ ಮೇಲೆ ಎ ಇಂದ ಎಫ್‌ವರೆಗೆ ಬರುತ್ತದೆ. ‘00’ ಬಂದರೆ ಸಾಲಿನ ತುದಿಯಲ್ಲಿದ್ದೀರಿ, ‘80’ ಅಂದರೆ ಸರಿಯಾಗಿ ನಡುವೆ, ‘ಎಫ್ಎಫ್’ ಅಂದರೆ ಕಟ್ಟಕಡೆ. ಮಗುವಿನ ಜಾಣತನದ ಬಗ್ಗೆ ಶುರುವಾದ ಮಾತು ಕೊನೆಗೆ ಆ ಎರಡು ಅಕ್ಷರಗಳ ಮೇಲೆ ಬಂದು ನಿಲ್ಲುತ್ತದೆ.

ಹೊಸ ಪದ್ಧತಿಯಿಂದ ಒಳಗೆ ಬಂದ ಕರಿಯ, ಲ್ಯಾಟಿನೊ ಮಕ್ಕಳ ಪಾಲು ಏರಿತು. ನಗರದಲ್ಲಿ ಅವರ ಸಂಖ್ಯೆಗೆ ತಕ್ಕಷ್ಟು ಮಾತ್ರ ಆಗಲಿಲ್ಲ. ಟೀಚರ್ ಕಣ್ಣಿಗೂ ಅದರದೇ ಮಿತಿ ಇದೆ. ನ್ಯೂಯಾರ್ಕ್‌ನಲ್ಲಿ ಡಿಸೆಂಬರ್ 31ರೊಳಗೆ ಐದು ತುಂಬುವ ಎಲ್ಲ ಮಕ್ಕಳೂ ಅದೇ ವರ್ಷ ಕಿಂಡರ್‌ಗಾರ್ಟನ್‌ಗೆ ಸೇರಬಹುದು. ಅಂದರೆ ಜನವರಿಯಲ್ಲಿ ಹುಟ್ಟಿದ ಮಗುವೂ ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವೂ ಒಂದೇ ಬೆಂಚಿನಲ್ಲಿ. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಎಂದರೆ ಬದುಕಿನ ಐದನೇ ಒಂದು ಭಾಗ. ಹಳೆಯ ಪರೀಕ್ಷೆ ಮಕ್ಕಳನ್ನು ಮೂರು ಮೂರು ತಿಂಗಳ ವಯಸ್ಸಿನ ಗುಂಪಿನಲ್ಲಿಟ್ಟು ತೂಗುತ್ತಿತ್ತು. ಟೀಚರ್ ಕಣ್ಣಿಗೆ ಅಂಥ ತಕ್ಕಡಿ ಇರುವುದಿಲ್ಲ. ದೊಡ್ಡ ಮಗು ಚೆನ್ನಾಗಿ ಮಾತಾಡುತ್ತದೆ, ಜಾಣ ಎನಿಸುತ್ತದೆ. ಪರೀಕ್ಷೆಯನ್ನು ಬೈಯುವವರು ಅದರ ಈ ಒಂದು ಒಳ್ಳೆಯ ಗುಣವನ್ನು ಒಪ್ಪಿಕೊಳ್ಳುವುದು ಕಡಿಮೆ.

ಹೀಗೆ ಪ್ರತಿ ಪದ್ಧತಿಯೂ ಜಾಣತನದ ಹೆಸರಿನಲ್ಲಿ ಬೇರೆ ಏನನ್ನೋ ಆರಿಸುತ್ತಿದೆ. ಪರೀಕ್ಷೆ ತಯಾರಿಯನ್ನು ಆರಿಸಿತು, ಟೀಚರ್ ಶಿಫಾರಸು ಚುರುಕು ಮಾತನ್ನು, ಲಾಟರಿ ಅದೃಷ್ಟವನ್ನು. ಬುದ್ಧಿಮತ್ತೆಯ ಅಳತೆಯಲ್ಲಿ ಕೆಲಸ ಮಾಡಿದವರು ಬಹಳ ಹಿಂದಿನಿಂದ ಹೇಳುತ್ತಿರುವುದೂ ಇದಕ್ಕೆ ಹೊಂದುತ್ತದೆ. ನಾಲ್ಕು ವರ್ಷದಲ್ಲಿ ಬಂದ ಅಂಕ ಗಟ್ಟಿಯಲ್ಲ, ಎಂಟೋ ಹತ್ತೋ ವರ್ಷಕ್ಕೆ ಅದೇ ಮಕ್ಕಳು ಅದೇ ಜಾಗದಲ್ಲಿ ಇರುವುದಿಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲಿ ಕಾಣಬಹುದು. ಆದರೆ ಯಾವ ಮೊಳಕೆಗೆ ಮನೆಯಲ್ಲೇ ಗೊಬ್ಬರ ಬಿದ್ದಿದೆ ಎಂಬುದು ಅದಕ್ಕಿಂತ ಮೊದಲು ಕಾಣುತ್ತದೆ.

ಸೀಟು ಸಿಕ್ಕ ಮೇಲೆ ಒಳಗೆ ಏನಿದೆ?

ಇಷ್ಟೆಲ್ಲ ಪರದಾಡಿ ಸೀಟು ಸಿಕ್ಕ ಮೇಲೆ ಮಗುವಿಗೆ ಸಿಗುವುದೇನು ಎಂಬ ಪ್ರಶ್ನೆಯನ್ನು ಕೇಳುವವರು ವಿಚಿತ್ರವೆನಿಸುವಷ್ಟು ಕಡಿಮೆ.

ಐದು ನಗರ ಮಟ್ಟದ ಶಾಲೆಗಳಲ್ಲಿ ಪಾಠ ಸಾಮಾನ್ಯವಾಗಿ ಒಂದು ವರ್ಷ ಮುಂದಿರುತ್ತದೆ. ಆದರೆ ಹೆಚ್ಚಿನ ಸೀಟುಗಳಿರುವುದು ಜಿಲ್ಲೆಯ ಮಾಮೂಲಿ ಶಾಲೆಗಳ ಒಳಗೆ, ಒಂದೊಂದು ಸೆಕ್ಷನ್ ರೂಪದಲ್ಲಿ. ಅಲ್ಲಿ ಪಠ್ಯ ಪಕ್ಕದ ಕೋಣೆಯಲ್ಲಿರುವುದೇ. ಜೊತೆಗೆ ಪ್ರಾಜೆಕ್ಟು, ಆಳವಾದ ಓದು, ಒಗಟಿನಂಥ ಗಣಿತ. ಎಷ್ಟು, ಹೇಗೆ ಎಂಬುದು ಆ ಶಾಲೆ, ಆ ಟೀಚರ್ ಮೇಲೆ ಬಿಟ್ಟದ್ದು.

2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಡೀ ಅಮೆರಿಕದ ಪ್ರಾಥಮಿಕ ಶಾಲಾ ಮಕ್ಕಳ ಮಾಹಿತಿ ನೋಡಿತು. ಸಂಶೋಧಕರು ಕ್ರಿಸ್ಟೋಫರ್ ರೆಡಿಂಗ್ ಮತ್ತು ಜೇಸನ್ ಗ್ರಿಸಮ್. ಗಿಫ್ಟೆಡ್ ತರಗತಿಗೆ ಹೋದ ಮಕ್ಕಳಿಗೆ ಓದಿನಲ್ಲಿ ಸಣ್ಣ ಲಾಭ, ಗಣಿತದಲ್ಲಿ ಅದಕ್ಕಿಂತ ಸಣ್ಣದು ಕಂಡಿತು. ಆ ಲಾಭವೂ ಅನುಕೂಲಸ್ಥರ ಮಕ್ಕಳಿಗೆ ಹೆಚ್ಚು ಸಿಕ್ಕಿತ್ತು. ಇದರಿಂದ ಗಿಫ್ಟೆಡ್ ಶಿಕ್ಷಣವೇ ದಂಡ ಎಂದಾಗುವುದಿಲ್ಲ. ವಾರಕ್ಕೆ ಒಂದೆರಡು ಗಂಟೆ ಬೇರೆ ಕೋಣೆಗೆ ಕರೆದೊಯ್ದು ಏನೋ ಮಾಡಿಸಿದರೆ ಅದಕ್ಕೆ ತಕ್ಕಷ್ಟೇ ಫಲ, ಅಷ್ಟೇ.

ಹಾಗಾದರೆ ಜನ ಯಾಕೆ ಮುಗಿಬೀಳುತ್ತಾರೆ? ಗಿಫ್ಟೆಡ್ ಸೀಟು ಬಹಳ ಮನೆಗಳಿಗೆ ಒಳ್ಳೆಯ ಶಾಲೆಯ ಸೀಟು. ಮನೆಯ ವಿಳಾಸದ ಪ್ರಕಾರ ಸಿಗುವ ಶಾಲೆ ಚೆನ್ನಾಗಿಲ್ಲದಿದ್ದರೆ, ಮ್ಯಾನ್‌ಹ್ಯಾಟನ್‌ನ ದೊಡ್ಡ ಖಾಸಗಿ ಶಾಲೆಗಳ ಫೀಸು ವರ್ಷಕ್ಕೆ 60 ಸಾವಿರ ಡಾಲರ್ ದಾಟಿದ್ದರೆ, ಉಳಿದ ದಾರಿ ಇದೊಂದೇ. ನ್ಯೂಯಾರ್ಕಿನ ಜಗಳಕ್ಕೆ ಇಷ್ಟು ಕಾವು ಇರುವುದು ಈ ಕಾರಣಕ್ಕೆ. ಬೇಡಿಕೆ ಇರುವುದು ಒಗಟಿನ ಗಣಿತಕ್ಕಲ್ಲ.

ಅರ್ಜಿ ಹಾಕುವ ಪೋಷಕರು ಶಾಲೆಗೆ ಹೋದಾಗ ಕೇಳಬೇಕಾದದ್ದೂ ಇಲ್ಲಿಂದಲೇ ಹೊಳೆಯುತ್ತದೆ. ಗಣಿತ ಒಂದು ವರ್ಷ ಮುಂದಿದೆಯೋ, ಅದೇ ಪಾಠಕ್ಕೆ ಹೆಚ್ಚುವರಿ ಹಾಳೆಯೋ? ಐದನೇ ಕ್ಲಾಸು ಮುಗಿದ ಮೇಲೆ ಆ ಮುಂದಿರುವಿಕೆಗೆ ಏನಾಗುತ್ತದೆ? ಗಿಫ್ಟೆಡ್ ಸೆಕ್ಷನ್‌ನಲ್ಲಿ ಇಲ್ಲದ, ಆದರೆ ಓದಿನಲ್ಲಿ ಮುಂದಿರುವ ಮಗುವಿಗೆ ಈ ಶಾಲೆ ಏನು ಮಾಡುತ್ತದೆ? ಮೂರನೆಯದಕ್ಕೆ ಸಿಗುವ ಉತ್ತರದಲ್ಲಿ ಶಾಲೆಯ ಹಣೆಬರಹ ಗೊತ್ತಾಗುತ್ತದೆ.

ಇನ್ನೊಂದು ವ್ಯತ್ಯಾಸ ತಿಳಿದಿರಬೇಕು. ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆಯಿಂದಾಗಿ ವಿಶೇಷ ಶಿಕ್ಷಣ ಬೇಕಾದ ಮಗುವಿಗೆ ಅಮೆರಿಕದ ಕೇಂದ್ರ ಕಾನೂನು ಹಕ್ಕು ಕೊಡುತ್ತದೆ. ಶಾಲೆ ಅಂಥ ಮಗುವಿಗೆ ಲಿಖಿತ ಯೋಜನೆ ಮಾಡಲೇಬೇಕು. ಗಿಫ್ಟೆಡ್ ಮಗುವಿಗೆ ಕೇಂದ್ರದಲ್ಲಿ ಅಂಥ ಹಕ್ಕಿಲ್ಲ. 1988ರ ಜಾವಿಟ್ಸ್ ಕಾಯ್ದೆ ಸಂಶೋಧನೆಗೆ, ಪ್ರಯೋಗಕ್ಕೆ ಸ್ವಲ್ಪ ಹಣ ಕೊಡುತ್ತದೆ, ಮಗುವಿಗೆ ಸೀಟು ಕೊಡುವುದಿಲ್ಲ. ಎರಡೂ ಇರುವ ಮಗು, ಅಂದರೆ ಗಣಿತದಲ್ಲಿ ಚುರುಕು, ಓದಲು ಕಷ್ಟ, ಇಂಥವರನ್ನು ಟೀಚರ್ ಶಿಫಾರಸೂ ಪರೀಕ್ಷೆಯೂ ಸುಲಭವಾಗಿ ಕಳೆದುಕೊಳ್ಳುತ್ತವೆ.

ಮೂರನೇ ಕ್ಲಾಸಿನ ಬಾಗಿಲು

ಮಮ್ದಾನಿ ಉಳಿಸುತ್ತೇನೆ ಎಂದ ಬಾಗಿಲು ಕೆಲಸ ಮಾಡುವುದು ಹೀಗೆ. ಪ್ರತಿ ಶಾಲೆಯ ಎರಡನೇ ಕ್ಲಾಸಿನಲ್ಲಿ, ನಾಲ್ಕು ಮುಖ್ಯ ವಿಷಯಗಳ ಅಂಕದ ಪ್ರಕಾರ ಮೇಲಿನ ಶೇ 10 ಮಕ್ಕಳಿಗೆ ಅರ್ಜಿ ಹಾಕಲು ಆಹ್ವಾನ ಹೋಗುತ್ತದೆ. ‘ಪ್ರತಿ ಶಾಲೆಯ’ ಎಂಬ ಮಾತು ಮುಖ್ಯ. ಬ್ರಾಂಕ್ಸ್‌ನ ಬಡ ಬಡಾವಣೆಯ ಶಾಲೆಯಿಂದಲೂ ಹತ್ತರಲ್ಲಿ ಒಂದು ಮಗು ಬರುತ್ತದೆ. ಪೋಷಕರಿಗೆ ಗೊತ್ತಿರಬೇಕಾದ ಅಗತ್ಯವಿಲ್ಲ, ಪತ್ರ ತಾನಾಗಿ ಮನೆಗೆ ಬರುತ್ತದೆ. ಟೆಕ್ಸಸ್ ರಾಜ್ಯ 1997ರಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ತಂದ ಶೇ 10ರ ನಿಯಮದ ಉಪಾಯವೂ ಇದೇ.

ತೊಡಕೂ ಇದೆ. ಎಂಟು ವರ್ಷದ ಮಗು ಆಗಲೇ ಶಾಲೆ, ಗೆಳೆಯರು, ಬಸ್ಸಿಗೆ ಹೊಂದಿಕೊಂಡಿರುತ್ತದೆ. ಸೀಟು ಇನ್ನೊಂದು ಶಾಲೆಯಲ್ಲಿ. ಹೋಗಬೇಕೆಂದರೆ ಎಲ್ಲ ಬಿಟ್ಟು ಹೋಗಬೇಕು. ಒಳ್ಳೆಯ ಶಾಲೆಯಲ್ಲಿರುವವರು ಅಲ್ಲಾಡುವುದಿಲ್ಲ, ದೂರ ಓಡಾಡಿಸಲು ಆಗದವರೂ ಅಲ್ಲಾಡುವುದಿಲ್ಲ.

ಫ್ಲಾರಿಡಾದಲ್ಲಿ ಆಗಿದ್ದು

ಎಲ್ಲರನ್ನೂ ಒಂದು ಸಲ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇರುವುದು ಫ್ಲಾರಿಡಾದ ಬ್ರೊವಾರ್ಡ್ ಕೌಂಟಿಯಲ್ಲಿ. 2000ದ ದಶಕದ ನಡುವೆ ಆ ಜಿಲ್ಲೆ ಪೋಷಕರ, ಟೀಚರ್‌ಗಳ ಶಿಫಾರಸಿಗೆ ಕಾಯದೆ ಎರಡನೇ ಕ್ಲಾಸಿನ ಎಲ್ಲ ಮಕ್ಕಳಿಗೂ ಒಂದು ಸಣ್ಣ ಪರೀಕ್ಷೆ ಕೊಟ್ಟಿತು. ಅದರಲ್ಲಿ ಮೇಲೆ ಬಂದವರಿಗೆ ಪೂರ್ತಿ ಐಕ್ಯೂ ಪರೀಕ್ಷೆ. ಗಿಫ್ಟೆಡ್ ಎನ್ನಲು 130 ಬೇಕು. ಬಡ ಮಕ್ಕಳಿಗೂ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೂ 116 ಸಾಕು.

ಕರಿಯ, ಲ್ಯಾಟಿನೊ, ಬಡ ಮಕ್ಕಳಲ್ಲಿ ಗಿಫ್ಟೆಡ್ ಎನಿಸಿಕೊಂಡವರ ಸಂಖ್ಯೆ ದೊಡ್ಡದಾಗಿ ಏರಿತು. ಅವರು ಹೊಸದಾಗಿ ಹುಟ್ಟಿದ ಜಾಣರಲ್ಲ. ಮೊದಲಿನಿಂದ ಅಲ್ಲೇ ಇದ್ದವರು, ಯಾರೂ ಹೆಸರು ಹೇಳಿರಲಿಲ್ಲ. ಆರ್ಥಿಕ ಹಿಂಜರಿತದಲ್ಲಿ ಜಿಲ್ಲೆ ಖರ್ಚು ಕಡಿತ ಮಾಡಿದಾಗ ಈ ಪರೀಕ್ಷೆಯೂ ಹೋಯಿತು, ಅಂತರ ಹಳೆಯ ಜಾಗಕ್ಕೆ ಮರಳಿತು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೊ ಇದನ್ನು ಕೂಲಂಕಷವಾಗಿ ದಾಖಲಿಸಿದ್ದಾರೆ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು, ಅದು ಬೇರೆ ಕೆಲಸಕ್ಕೆ.

ಅವರೇ ಕಂಡ ಇನ್ನೊಂದು ವಿಷಯ ನ್ಯೂಯಾರ್ಕಿಗೆ ಹೆಚ್ಚು ಹತ್ತಿರ. ಶಾಲೆಯಲ್ಲಿ ಒಂದೇ ಒಂದು ಗಿಫ್ಟೆಡ್ ಮಗು ಇದ್ದರೂ ಬೇರೆ ತರಗತಿ ಮಾಡಲೇಬೇಕು ಎಂಬ ನಿಯಮ ಆ ಜಿಲ್ಲೆಯಲ್ಲಿತ್ತು. ಉಳಿದ ಸೀಟುಗಳನ್ನು ಹಿಂದಿನ ವರ್ಷ ಚೆನ್ನಾಗಿ ಅಂಕ ತೆಗೆದ ಮಾಮೂಲಿ ಮಕ್ಕಳಿಂದ ತುಂಬುತ್ತಿದ್ದರು. ಹಾಗೆ ಒಳಗೆ ಬಂದ ಕರಿಯ, ಲ್ಯಾಟಿನೊ ಮಕ್ಕಳ ಅಂಕ ಗಣನೀಯವಾಗಿ ಏರಿತು. ಹೊರಗೆ ಉಳಿದ ಮಕ್ಕಳಿಗೆ ನಷ್ಟವಾದ ಗುರುತು ಕಾಣಲಿಲ್ಲ.

ನ್ಯೂಯಾರ್ಕಿನ ಎರಡೂ ಬಣಗಳಿಗೆ ಇದು ನುಂಗಲಾರದ ತುತ್ತು. ಬೇರೆ ತರಗತಿಯೇ ಅನ್ಯಾಯ ಎನ್ನುವವರಿಗೆ, ಬೇರೆ ತರಗತಿಯಿಂದ ಕರಿಯ, ಲ್ಯಾಟಿನೊ ಮಕ್ಕಳಿಗೇ ಹೆಚ್ಚು ಲಾಭವಾದ ಸಾಕ್ಷ್ಯ ಇಲ್ಲಿದೆ. ಈಗಿರುವುದನ್ನೇ ಉಳಿಸಿ ಎನ್ನುವವರಿಗೆ, ಆರಿಸುವ ರೀತಿ ಮತ್ತು ವಯಸ್ಸು ಬದಲಿಸದೆ ಆ ಲಾಭ ಬರುವುದಿಲ್ಲ ಎಂಬುದೂ ಇಲ್ಲೇ ಇದೆ.

ನದಿ ದಾಟಿದರೆ ಬೇರೆ ಕಾನೂನು

ನ್ಯೂಯಾರ್ಕ್ ಪ್ರದೇಶದಲ್ಲಿ ಕೆಲಸ ಮಾಡುವ ಬಹಳಷ್ಟು ಕನ್ನಡಿಗರು ಇರುವುದು ಹಡ್ಸನ್ ನದಿಯಾಚೆ, ನ್ಯೂಜೆರ್ಸಿಯಲ್ಲಿ. ಮಮ್ದಾನಿ ಏನು ಮಾಡಿದರೂ ಅವರ ಮಕ್ಕಳಿಗೆ ತಾಗುವುದಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಗಿಫ್ಟೆಡ್ ಸೇವೆ ಕೊಡಲೇಬೇಕು ಎಂಬ ಕಾನೂನಿಲ್ಲ. ನ್ಯೂಜೆರ್ಸಿಯಲ್ಲಿದೆ. 2020ರಲ್ಲಿ ಬಂದ ಕಾಯ್ದೆ ಅದನ್ನು ಇನ್ನೂ ಬಿಗಿ ಮಾಡಿತು. ಪ್ರತಿ ಶಾಲಾ ಜಿಲ್ಲೆಯೂ ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೇ ಕ್ಲಾಸಿನವರೆಗೆ ಇಂಥ ಮಕ್ಕಳನ್ನು ಗುರುತಿಸಬೇಕು, ಸೇವೆ ಕೊಡಬೇಕು, ಪೋಷಕರು ದೂರು ಕೊಡಲು ದಾರಿ ಇಡಬೇಕು. ಟೆಕ್ಸಸ್‌ನಲ್ಲೂ ಸೇವೆ ಕಡ್ಡಾಯ. ಹಾಗಾಗಿ ಡಲ್ಲಾಸ್‌ನಲ್ಲಿರುವ ತಂಗಿಯ ಅನುಭವವನ್ನು ಕ್ವೀನ್ಸ್‌ನಲ್ಲಿರುವ ಅಕ್ಕ ನಂಬಿಕೊಂಡು ಕೂತರೆ ಗಡುವು ತಪ್ಪಿಹೋಗುತ್ತದೆ.

ನಮ್ಮ ದೇಶದಲ್ಲಿ ಲೆಕ್ಕ ತಲೆಕೆಳಗು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಪ್ರವೇಶಕ್ಕೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸುವಂತಿಲ್ಲ. ನ್ಯೂಯಾರ್ಕ್ 2021ರಲ್ಲಿ ಕೈಬಿಟ್ಟದ್ದು ಇಲ್ಲಿ ಕಾಗದದ ಮೇಲೆ ಮೊದಲೇ ನಿಷೇಧ. (ಕಾಗದದ ಮೇಲೆ ಎಂದೆ. ಎಲ್‌ಕೆಜಿ ಸೀಟಿಗಾಗಿ ಬೆಂಗಳೂರಿನಲ್ಲಿ ‘ಸುಮ್ನೆ ಮಾತಾಡಿಸುವುದು’ ಏನೆಂದು ಓದುಗರಿಗೆ ಗೊತ್ತು.) ಸರ್ಕಾರ ಮಕ್ಕಳನ್ನು ಪರೀಕ್ಷೆ ಮಾಡಿ ಆರಿಸುವ ಜವಾಹರ ನವೋದಯ ಶಾಲೆಗಳಲ್ಲಿ ಅದು ಆರನೇ ಕ್ಲಾಸಿಗೆ. ಮುಕ್ಕಾಲು ಭಾಗ ಸೀಟು ಹಳ್ಳಿಯ ಮಕ್ಕಳಿಗೆ. ಅದಕ್ಕೂ ಟ್ಯೂಷನ್ ಹುಟ್ಟಿಕೊಂಡಿದೆ, ಆದರೆ ಕನಿಷ್ಠ ಮಗುವಿಗೆ ಓದಲು ಬರೆಯಲು ಬರುತ್ತದೆ.

ಬಾಗಿಲು ಮುಚ್ಚಿದರೆ

ಕಿಂಡರ್‌ಗಾರ್ಟನ್ ಬಾಗಿಲು ಮುಚ್ಚಿದ ದಿನ ಒತ್ತಡ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ಎರಡನೇ ಕ್ಲಾಸಿನ ಅಂಕಗಳು ಇದ್ದಕ್ಕಿದ್ದಂತೆ ಭಾರವಾಗುತ್ತವೆ. ನಾಲ್ಕು ವರ್ಷಕ್ಕೆ ಇದ್ದ ಟ್ಯೂಷನ್ ಏಳಕ್ಕೆ ಸರಿಯುತ್ತದೆ. ಅಂಕ ಕೊಡುವ ಟೀಚರ್ ಮೇಲೆ ಕಣ್ಣು ಬೀಳುತ್ತದೆ.

ಶಾಲೆಗಳ ಲೆಕ್ಕವೂ ಇದೆ. ಅಲ್ಲಿ ಹಣ ಬರುವುದು ಮಕ್ಕಳ ತಲೆಯೆಣಿಕೆ ಮೇಲೆ, ಮಕ್ಕಳ ಸಂಖ್ಯೆ ಕೋವಿಡ್‌ನಿಂದೀಚೆಗೆ ಇಳಿದಿದೆ. ಗಿಫ್ಟೆಡ್ ಸೆಕ್ಷನ್‌ಗೆ ಬೇರೆ ಕಡೆಯಿಂದ ಬರುತ್ತಿದ್ದ ಮಕ್ಕಳು ನಿಂತರೆ ಆ ಕೋಣೆಯನ್ನು ಯಾರಿಂದ ತುಂಬುವುದು ಎಂಬುದು ಪ್ರಿನ್ಸಿಪಾಲರ ತಲೆನೋವು. ಇನ್ನೊಂದು ಕಡೆ, 2022ರ ರಾಜ್ಯ ಕಾನೂನು ಮೂರನೇ ಕ್ಲಾಸಿನವರೆಗೆ ಕೋಣೆಗೆ 20 ಮಕ್ಕಳು ಮೀರಬಾರದು ಎನ್ನುತ್ತದೆ. ಅದು ನಿಜಕ್ಕೂ ಜಾರಿಯಾದರೆ, ಒಂದೇ ತರಗತಿಯಲ್ಲಿ ಮುಂದಿರುವವರಿಗೂ ಹಿಂದಿರುವವರಿಗೂ ಬೇರೆ ಬೇರೆ ಕೆಲಸ ಕೊಡುವುದು ಇವತ್ತಿಗಿಂತ ಸುಲಭ. ಮಮ್ದಾನಿ ಯೋಜನೆ ನಿಲ್ಲುವುದೋ ಬೀಳುವುದೋ ಈ 20ರ ಮೇಲೆ ಎನ್ನಬಹುದು. ಮೂವತ್ತರ ಹತ್ತಿರದ ಕೋಣೆಯಲ್ಲಿ ಎಲ್ಲರಿಗೂ ಗಿಫ್ಟೆಡ್ ಪಾಠ ಎಂಬುದು ಭಾಷಣ ಮಾತ್ರ.

ಐದು ನಗರ ಮಟ್ಟದ ಶಾಲೆಗಳ ಪ್ರಶ್ನೆ ಇನ್ನೂ ಜಟಿಲ. ಆಂಡರ್ಸನ್, ನೆಸ್ಟ್ ಪ್ಲಸ್ ಎಂ, ಟ್ಯಾಗ್ ಯಂಗ್ ಸ್ಕಾಲರ್ಸ್, ಬ್ರೂಕ್ಲಿನ್ ಸ್ಕೂಲ್ ಆಫ್ ಇನ್‌ಕ್ವೈರಿ, ಕ್ವೀನ್ಸ್‌ನ 30ನೇ ಅವೆನ್ಯೂ ಶಾಲೆ. ಇವು ಸೆಕ್ಷನ್‌ಗಳಲ್ಲ, ಪೂರ್ತಿ ಶಾಲೆಗಳು. ಇವುಗಳ ಬುಡ ಇರುವುದೇ ಕಿಂಡರ್‌ಗಾರ್ಟನ್ ಪ್ರವೇಶದಲ್ಲಿ. ಅಲ್ಲಿ ಆರಿಸುವುದು ನಿಂತರೆ ಕೆಳಗಿನ ಮೂರು ಕ್ಲಾಸಿಗೆ ಯಾರನ್ನು ಸೇರಿಸಬೇಕು? ಲಾಟರಿಯಲ್ಲಿ ಬಂದ ಯಾರನ್ನಾದರೂ ಸೇರಿಸಿ ಒಂದು ವರ್ಷ ಮುಂದಿನ ಪಾಠ ಮಾಡಬಹುದೇ? ಮಾಡಬಹುದು ಎಂದಾದರೆ, ಆ ಪಾಠ ಬೇರೆ ಶಾಲೆಗಳಲ್ಲಿ ಯಾಕಿಲ್ಲ ಎಂದು ಪೋಷಕರು ಕೇಳುತ್ತಾರೆ.

ಇನ್ನು ಅನುಕೂಲ ಇರುವ ಮನೆಗಳು. ಅವರಿಗೆ ಗಿಫ್ಟೆಡ್ ಸೀಟು ತಪ್ಪಿದರೆ ಬಾಡಿಗೆ ಒಪ್ಪಂದ ಬದಲಿಸುವ ದಾರಿ ಇದೆ. ಈಗಲೂ ಹೆಚ್ಚಿನ ಪ್ರಾಥಮಿಕ ಶಾಲೆಗಳಿಗೆ ಸೀಟು ಹಂಚುವುದು ಮನೆಯ ವಿಳಾಸ ನೋಡಿ. ರಸ್ತೆಯ ಈ ಬದಿಗೆ ಒಂದು ಶಾಲೆ, ಆ ಬದಿಗೆ ಇನ್ನೊಂದು. 2016ರಲ್ಲಿ ಮ್ಯಾನ್‌ಹ್ಯಾಟನ್‌ನ ಅಪ್ಪರ್ ವೆಸ್ಟ್ ಸೈಡ್‌ನಲ್ಲಿ ಅಂಥ ಗೆರೆಗಳನ್ನು ಕೆಲವೇ ಬೀದಿಗಳಷ್ಟು ಸರಿಸಲು ಹೋದಾಗ, ಸಭೆಯ ಮೇಲೆ ಸಭೆ ನಡೆದವು, ಪೋಷಕರು ಸಾಲುಗಟ್ಟಿ ಮೈಕ್ ಹಿಡಿದರು. ಗಿಫ್ಟೆಡ್ ಸೀಟಿಗಾಗಿ ನಡೆದ ಯಾವ ಗಲಾಟೆಗೂ ಅದು ಕಡಿಮೆ ಇರಲಿಲ್ಲ.